ಹುಟ್ಟಲಿರುವ ಮಗುವಿಗೆ ಹೆಸರು

ಮನೆಯಲ್ಲಿ ಮಗು ಹುಟ್ಟಲಿದೆ ಎಂಬ ಸುದ್ದಿ ತಿಳಿದ ದಿನದಿಂದ ಆ ಮನೆಯ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಅಟ್ಟದ ಮೇಲಿದ್ದ ತೊಟ್ಟಿಲು ಕೆಳಗಿಳಿಯುತ್ತದೆ. ಹಳೆಯ ಮೆತ್ತನೆಯ ಪಂಚೆ ಸೀರೆಗಳು ಒಗೆದು ಮಡಿಸಿ ಸಿದ್ಧವಾಗುತ್ತವೆ. ಬಾಣಂತಿಯ ಲೇಹ್ಯಕ್ಕೆ ಬೇಕಾದ ಸಾಮಾನುಗಳನ್ನು ಅಜ್ಜಿ ಬಾಯಿಪಾಠದಂತೆ ಒಪ್ಪಿಸುತ್ತಾರೆ. ಇವೆಲ್ಲವೂ ಹಣದಿಂದಲೋ ದುಡಿಮೆಯಿಂದಲೋ ಆಗುವ ಕೆಲಸಗಳು. ಆದರೆ ಹಣ ಕೊಟ್ಟು ಕೊಳ್ಳಲಾಗದ, ಒಮ್ಮೆ ಕೊಟ್ಟ ಮೇಲೆ ಸುಲಭವಾಗಿ ಹಿಂದಕ್ಕೆ ಪಡೆಯಲೂ ಆಗದ ವಸ್ತುವೊಂದಿದೆ. ಅದು ಹೆಸರು. ಮಗು ತಾಯಿತಂದೆಗಳಿಂದ ಪಡೆಯುವ ಮೊದಲ ಆಸ್ತಿ ಅದು. ಕೇಳದೆಯೇ ಪಡೆಯುವ ಆಸ್ತಿಯೂ ಹೌದು.

ಕನ್ನಡ ಪಾಠ ಹೇಳುವವನಿಗೆ ಈ ವಿಷಯದಲ್ಲಿ ಒಂದು ವಿಶೇಷ ಗೌರವ ಸಲ್ಲುತ್ತದೆ. ಹಿಂದೆ ತರಗತಿಯಲ್ಲಿ ಹಳಗನ್ನಡವೆಂದರೆ ತೂಕಡಿಸುತ್ತಿದ್ದ ಶಿಷ್ಯನೇ ಮದುವೆಯಾಗಿ ಒಂದೆರಡು ವರ್ಷಗಳಾದ ಮೇಲೆ ಹಣ್ಣಿನ ಚೀಲ ಹಿಡಿದು ಮನೆಗೆ ಬರುತ್ತಾನೆ. “ಸಾರ್, ಒಂದು ಒಳ್ಳೆಯ ಹೆಸರು ಹೇಳಬೇಕು” ಎಂದು ವಿನಯದಿಂದ ಕೇಳುತ್ತಾನೆ. ಆ ಹೆಸರಿಗಿರಬೇಕಾದ ಲಕ್ಷಣಗಳನ್ನೂ ಆತನೇ ವಿವರಿಸುತ್ತಾನೆ. ಅದು ಎರಡೋ ಮೂರೋ ಅಕ್ಷರಗಳಲ್ಲಿ ಮುಗಿಯಬೇಕು, ಈವರೆಗೆ ಯಾರೂ ಇಟ್ಟಿರಬಾರದು, ‘ಅ’ಕಾರದಿಂದ ಆರಂಭವಾದರೆ ಇನ್ನೂ ಒಳ್ಳೆಯದು, ದೇವರ ಹೆಸರೇ ಆಗಿರಬೇಕು, ಆದರೆ ದೇವರ ಹೆಸರಿನಂತೆ ಕೇಳಿಸಬಾರದು! ಪಕ್ಕದಲ್ಲಿ ಕುಳಿತ ಆತನ ಮಡದಿ ಮುಗುಳುನಗುತ್ತಾಳೆ; ಅವಳ ಮನಸ್ಸಿನಲ್ಲೇನಿದೆಯೆಂದು ಕೇಳಿದವರು ಕಡಮೆ.

ಒಂದು ಹೆಸರಿನ ಮೇಲೆ ಎಷ್ಟೊಂದು ಜನ ಹಕ್ಕು ಸಾಧಿಸುತ್ತಾರೆ! ಶಾಸ್ತ್ರಕಾರರು, ಪಂಚಾಂಗದವರು, ಮನೆದೇವರು, ಅಜ್ಜ ಅಜ್ಜಿಯರು, ಕಾಲದ ಫ್ಯಾಷನ್ನು, ಕಡೆಗೆ ಸರ್ಕಾರಿ ಕಚೇರಿ. ಈ ಹಕ್ಕುದಾರರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ, ಇನ್ನೂ ಬಾಯಿ ಬಾರದ ಒಬ್ಬ ಹಕ್ಕುದಾರನ ಪರವಾಗಿ ಎರಡು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ಎರಡು ಪಟ್ಟಿಗಳು

‘ಕೂಸು ಹುಟ್ಟುವ ಮುನ್ನ ಕುಲಾವಿ’ ಎಂಬ ಗಾದೆ ನಮ್ಮಲ್ಲಿ ಹಾಸ್ಯಕ್ಕೆ ಬಳಕೆಯಾಗುತ್ತದೆ. ಹುಟ್ಟುವ ಮೊದಲೇ ಹೆಸರು ನಿಶ್ಚಯಿಸುವುದು ಶುಭವಲ್ಲವೆಂದು ಹಿರಿಯರು ಹಿಂದೆಗೆಯುವುದೂ ಉಂಟು. ಆದರೂ ಮನಸ್ಸು ಕೇಳಬೇಕಲ್ಲ! ಹೊಟ್ಟೆಯಲ್ಲಿ ಕೂಸು ಮಿಸುಕಾಡುವ ಹೊತ್ತಿಗೆ ತಾಯಿಯ ನಾಲಿಗೆಯ ತುದಿಯಲ್ಲಿ ಯಾವುದೋ ಒಂದು ಹೆಸರು ಮಿಸುಕಾಡತೊಡಗುತ್ತದೆ.

ಹೊರದೇಶಗಳಲ್ಲಿ ಅನೇಕ ದಂಪತಿಗಳು ಹುಟ್ಟುವುದು ಗಂಡೋ ಹೆಣ್ಣೋ ಎಂಬುದನ್ನು ಮೊದಲೇ ತಿಳಿದು ಒಂದೇ ಹೆಸರನ್ನು ಆರಿಸಿಟ್ಟುಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಹಾಗಿಲ್ಲ. ಗರ್ಭದಲ್ಲಿರುವ ಶಿಶುವಿನ ಲಿಂಗವನ್ನು ಪತ್ತೆಮಾಡಿ ತಿಳಿಸುವುದನ್ನು 1994ರ ಕಾಯಿದೆ ನಿಷೇಧಿಸಿದೆ. ಅದು 1996ರ ಜನವರಿ 1ರಿಂದ ಜಾರಿಯಲ್ಲಿದೆ. ಹೆಣ್ಣೆಂದು ತಿಳಿದೊಡನೆ ಹೊಟ್ಟೆಯಲ್ಲೇ ಹೊಸಕಿಹಾಕುವ ಕ್ರೌರ್ಯವನ್ನು ತಡೆಯಲೆಂದೇ ಬಂದ ಕಾಯಿದೆ ಅದು. ಆದ್ದರಿಂದ ನಮ್ಮ ತಾಯಿತಂದೆಗಳ ಬಳಿ ಎರಡು ಪಟ್ಟಿಗಳಿರಲೇಬೇಕು: ಗಂಡಾದರೆ ಒಂದು, ಹೆಣ್ಣಾದರೆ ಒಂದು. ಆ ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ಮನೆಯ ಮನಸ್ಸು ಗೊತ್ತಾಗುತ್ತದೆ. ಗಂಡಿನ ಪಟ್ಟಿ ಹಾಳೆ ತುಂಬಿದ್ದು ಹೆಣ್ಣಿನ ಪಟ್ಟಿಯಲ್ಲಿ ಒಂದೇ ಹೆಸರಿದ್ದರೆ, ಅಥವಾ ಹಾಳೆಯೇ ಖಾಲಿಯಿದ್ದರೆ, ಬೇರೆ ಸಾಕ್ಷಿಯೇನು ಬೇಕು?

ಶಾಸ್ತ್ರ ಏನನ್ನುತ್ತದೆ?

ಹೆಸರಿಡುವುದು ನಮ್ಮ ಹಿರಿಯರಿಗೆ ಹಗುರವಾದ ಕೆಲಸವಾಗಿರಲಿಲ್ಲ. ವ್ಯಾಕರಣವನ್ನು ಏಕೆ ಕಲಿಯಬೇಕೆಂಬ ಪ್ರಶ್ನೆಗೆ ಉತ್ತರ ಹೇಳುತ್ತ ಪತಂಜಲಿಯು ತನ್ನ ಮಹಾಭಾಷ್ಯದ ಆರಂಭದಲ್ಲಿಯೇ ಮಗುವಿಗೆ ಹೆಸರಿಡುವ ಪ್ರಸಂಗವನ್ನು ತರುತ್ತಾನೆ. ಮಗು ಹುಟ್ಟಿ ಹತ್ತು ದಿನಗಳಾದ ಮೇಲೆ ಇಡುವ ಹೆಸರು ಘೋಷ ವ್ಯಂಜನದಿಂದ ಮೊದಲಾಗಬೇಕು. ನಡುವೆ ಯ, ರ, ಲ, ವ ಎಂಬ ಅಂತಃಸ್ಥಗಳಲ್ಲೊಂದು ಇರಬೇಕು. ಎರಡು ಅಥವಾ ನಾಲ್ಕು ಅಕ್ಷರಗಳಿರಬೇಕು. ಕೃದಂತವಾಗಿರಬೇಕೇ ಹೊರತು ತದ್ಧಿತಾಂತವಾಗಬಾರದು. ವ್ಯಾಕರಣ ತಿಳಿಯದವನಿಗೆ ಕೃತ್ತು ಯಾವುದು, ತದ್ಧಿತ ಯಾವುದು ಎಂದು ಹೇಗೆ ಗೊತ್ತಾಗಬೇಕು ಎಂಬುದು ಅವನ ವಾದ. ನಮ್ಮ ಪಠ್ಯಗಳಲ್ಲಿ ಉದಾಹರಣೆಗೆಂದು ಮತ್ತೆ ಮತ್ತೆ ಬರುವ ‘ದೇವದತ್ತ’ ಎಂಬ ಹೆಸರನ್ನು ಪರೀಕ್ಷಿಸಿ ನೋಡಿ: ಮೊದಲಿಗೆ ಘೋಷವಾದ ದಕಾರ, ನಡುವೆ ವಕಾರ, ಒಟ್ಟು ನಾಲ್ಕು ಅಕ್ಷರ.

ಅದೇ ಸಂದರ್ಭದಲ್ಲಿ ಇನ್ನೂ ಎರಡು ಮಾತುಗಳಿವೆ. ಆ ಹೆಸರು ಮೂರು ತಲೆಮಾರಿನ ಹಿರಿಯರನ್ನು ಅನುಸರಿಸಿರಬೇಕು, ಶತ್ರುವಿಗಿರುವ ಹೆಸರಾಗಿರಬಾರದು. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಈ ಎಚ್ಚರ ಇಂದಿಗೂ ನಮ್ಮ ಮನೆಗಳಲ್ಲಿ ಉಳಿದಿದೆ. “ಆ ಹೆಸರು ಬೇಡ, ನಮ್ಮ ಮೇಲೆ ದಾವಾ ಹೂಡಿದ ದೊಡ್ಡಪ್ಪನ ಮಗನ ಹೆಸರು ಅದು” ಎಂಬ ಮಾತನ್ನು ಯಾವ ಮನೆ ಕೇಳಿಲ್ಲ?

ಆದರೆ ಶಾಸ್ತ್ರದಲ್ಲಿ ಇನ್ನೊಂದು ಮುಖವೂ ಇದೆ; ಅದನ್ನು ಮರೆಮಾಚಬಾರದು. ಹೆಣ್ಣುಮಕ್ಕಳ ಹೆಸರು ಸುಲಭವಾಗಿ ಉಚ್ಚರಿಸುವಂತಿರಬೇಕು, ಕ್ರೂರವಾಗಿರಬಾರದು, ಅರ್ಥ ಸ್ಪಷ್ಟವಾಗಿರಬೇಕು, ಮಂಗಳಕರವಾಗಿರಬೇಕು, ದೀರ್ಘಸ್ವರದಿಂದ ಮುಗಿಯಬೇಕು ಎಂದು ರಸಿಕನಂತೆ ಹೇಳುವ ಮನುಸ್ಮೃತಿಯೇ, ಅದಕ್ಕೆ ಮುಂಚೆ ವರ್ಣಕ್ಕೊಂದು ಬಗೆಯ ಹೆಸರನ್ನು ವಿಧಿಸಿದೆ. ಬ್ರಾಹ್ಮಣನ ಹೆಸರು ಮಂಗಳವನ್ನೂ, ಕ್ಷತ್ರಿಯನದು ಬಲವನ್ನೂ, ವೈಶ್ಯನದು ಧನವನ್ನೂ ಸೂಚಿಸಬೇಕಂತೆ. ಶೂದ್ರನದು ಮಾತ್ರ ತಿರಸ್ಕಾರವನ್ನು! ತೊಟ್ಟಿಲಲ್ಲಿ ಮಲಗಿದ ಕೂಸಿನ ಹಣೆಗೆ ಅವಮಾನವನ್ನು ಬರೆಯುವ ವಿಧಿ ಇದು.

ಇದು ಬರಿಯ ಗ್ರಂಥದ ಮಾತಾಗಿ ಉಳಿಯಲಿಲ್ಲ. ಚಂದದ ಹೆಸರೂ ಕೆಲವರಿಗೆ ಮಾತ್ರ ಸಲ್ಲುವ ಸೊತ್ತೆಂಬ ಭಾವನೆ ನಮ್ಮ ಊರುಗಳಲ್ಲಿ ಬಹುಕಾಲವಿತ್ತು. ತುಳುನಾಡಿನಲ್ಲಿ ಹೊಲಗದ್ದೆಗಳಲ್ಲಿ ದುಡಿಯುವವರ ಮಕ್ಕಳಿಗೆ ಹುಟ್ಟಿದ ವಾರವೇ ಹೆಸರಾಗುತ್ತಿತ್ತು: ಆದಿತ್ಯವಾರವಾದರೆ ಐತ, ಮಂಗಳವಾರವಾದರೆ ಅಂಗಾರ, ಶುಕ್ರವಾರವಾದರೆ ತುಕ್ರ, ಶನಿವಾರವಾದರೆ ತನಿಯ. ಆ ಹೆಸರನ್ನು ಹೊತ್ತ ಕೊರಗ ತನಿಯನೇ ಇಂದು ಕೊರಗಜ್ಜನೆಂಬ ದೈವವಾಗಿ ಎಲ್ಲ ಜಾತಿಯವರಿಂದಲೂ ಕೈಮುಗಿಸಿಕೊಳ್ಳುತ್ತಿರುವುದು ಕಾಲದ ಒಂದು ತೀರ್ಪು. ಮುಂದೆ ಅಂಬೇಡ್ಕರರ ಪ್ರಭಾವದಿಂದ ಎಚ್ಚೆತ್ತ ಮನೆಗಳು ತಮ್ಮ ಮಕ್ಕಳಿಗೆ ಭೀಮರಾವ್, ಸಿದ್ಧಾರ್ಥ, ಗೌತಮ ಎಂದು ಹೆಸರಿಟ್ಟವು. ಅದು ಫ್ಯಾಷನ್ನಲ್ಲ, ಹಕ್ಕಿನ ಘೋಷಣೆ.

ಅದಕ್ಕೂ ಎಷ್ಟೋ ಮೊದಲು, ಹನ್ನೆರಡನೆಯ ಶತಮಾನದಲ್ಲಿ, ಶರಣರು ಇದೇ ಕೆಲಸವನ್ನು ಬೇರೊಂದು ಬಗೆಯಲ್ಲಿ ಮಾಡಿದರು. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ — ಈ ಹೆಸರುಗಳಲ್ಲಿ ಕಾಯಕವನ್ನು ಮುಚ್ಚಿಟ್ಟಿಲ್ಲ, ಮುಂದೆಯೇ ನಿಲ್ಲಿಸಿದೆ. ಹಿಂದೆ ಮಾತ್ರ ಎಲ್ಲರಿಗೂ ಒಂದೇ ಮರ್ಯಾದೆಯ ‘ಅಯ್ಯ’, ‘ಅಮ್ಮ’.

ನಕ್ಷತ್ರದ ಅಕ್ಷರ

ಎರಡನೆಯ ಹಕ್ಕುದಾರ ಪಂಚಾಂಗ. ಇಪ್ಪತ್ತೇಳು ನಕ್ಷತ್ರಗಳಿಗೆ ನಾಲ್ಕು ನಾಲ್ಕು ಪಾದಗಳು. ಪಾದಕ್ಕೊಂದರಂತೆ 108 ಅಕ್ಷರಗಳು. ಅಶ್ವಿನಿಯಲ್ಲಿ ಹುಟ್ಟಿದ ಕೂಸಿಗೆ ಚು, ಚೆ, ಚೋ, ಲ. ಇವುಗಳಿಂದ ಚೂಡಾಮಣಿಯನ್ನೋ ಲಲಿತೆಯನ್ನೋ ಮಾಡಿಕೊಳ್ಳಬಹುದು. ಆದರೆ ಆರ್ದ್ರೆಯ ಮೂರನೆಯ ಪಾದಕ್ಕೆ ಬರುವುದು ‘ಙ’. ಹಸ್ತೆಯ ಮೂರನೆಯದಕ್ಕೆ ‘ಣ’. ಉತ್ತರಾಭಾದ್ರೆಯ ನಾಲ್ಕನೆಯದಕ್ಕೆ ‘ಞ’. ಇವುಗಳಿಂದ ಮೊದಲಾಗುವ ಹೆಸರನ್ನು ಹುಡುಕಿಕೊಡುವ ಪಂಡಿತನಿದ್ದರೆ ಅವನಿಗೆ ದೊಡ್ಡ ನಮಸ್ಕಾರ. ಹಿರಿಯರು ಇದಕ್ಕೆ ಜಾಣತನದ ದಾರಿಯೊಂದನ್ನು ಕಂಡುಕೊಂಡಿದ್ದರು. ನಕ್ಷತ್ರದ ಹೆಸರು ಜಾತಕಕ್ಕೆ, ಸಂಕಲ್ಪಕ್ಕೆ. ವ್ಯವಹಾರದ ಹೆಸರು ಲೋಕಕ್ಕೆ. ಮುದ್ದಿನ ಹೆಸರು ಅಡಿಗೆಮನೆಗೆ. ಒಂದೇ ಹೆಸರಿನ ಮೇಲೆ ಎಲ್ಲರ ಭಾರವನ್ನೂ ಹೇರುತ್ತಿರಲಿಲ್ಲ.

ಕಲ್ಲಿನಲ್ಲಿ, ಕಾವ್ಯದಲ್ಲಿ

ಕನ್ನಡಿಗರ ಹೆಸರುಗಳ ಚರಿತ್ರೆಯೇ ಒಂದು ಸೊಗಸಾದ ಅಧ್ಯಯನ. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನದಲ್ಲಿ ಮೃಗೇಶ, ನಾಗ, ವಿಜ ಅರಸ ಎಂಬ ಹೆಸರುಗಳಿವೆ. ಹತ್ತನೆಯ ಶತಮಾನದ ಆತಕೂರಿನ ಕಲ್ಲಿನಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಒಂದು ಬೇಟೆನಾಯಿಯ ಹೆಸರೂ ಉಳಿದುಬಂದಿದೆ: ಕಾಳಿ. ಪಂಪನ ತಾಯಿ ಅಬ್ಬಣಬ್ಬೆ, ದಾನಚಿಂತಾಮಣಿ ಅತ್ತಿಮಬ್ಬೆ — ಇಂಥ ಹೆಸರುಗಳ ಕೊನೆಯಲ್ಲಿರುವ ‘ಅಬ್ಬೆ’ ಎಂದರೆ ತಾಯಿ. ಇಂದಿನ ನೀಲವ್ವ, ಗಂಗಮ್ಮಂದಿರ ‘ಅವ್ವ’, ‘ಅಮ್ಮ’ಗಳು ಮಾಡುವ ಕೆಲಸವನ್ನೇ ಅದು ಅಂದು ಮಾಡುತ್ತಿತ್ತು. ನಿನ್ನೆ ಹುಟ್ಟಿದ ಹೆಣ್ಣುಕೂಸನ್ನೂ ತಾಯಿ ಎಂದೇ ಕರೆಯುವ ಭಾಷೆ ನಮ್ಮದು.

ಪೊನ್ನ ಮಹಾಕವಿಯ ಹೆಸರಿನಲ್ಲಿರುವುದು ‘ಪೊನ್’, ಎಂದರೆ ಚಿನ್ನ. ಪಕಾರ ಹಕಾರವಾಗುವ ನಿಯಮದಂತೆ ಆ ಪೊನ್ನೇ ಹೊನ್ನಾಯಿತು. ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮನಿಗೂ ಇಂದಿನ ಹೊನ್ನಪ್ಪನಿಗೂ ಆ ಚಿನ್ನವೇ ಹಂಚಿಕೆಯಾಗಿದೆ. ರತ್ನವೆಂಬ ಸಂಸ್ಕೃತ ಶಬ್ದ ಕನ್ನಡದ ನಾಲಿಗೆಯಲ್ಲಿ ಕರಗಿ ರನ್ನವಾಯಿತು. ಮುಧೋಳದ ಬಳೆಗಾರರ ಕುಲದಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ಈ ರನ್ನನು ತನ್ನ ಮಕ್ಕಳಿಗೆ ಇಟ್ಟ ಹೆಸರುಗಳು ಇಲ್ಲಿ ನೆನೆಯತಕ್ಕವು. ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ. ತನಗೆ ಆಶ್ರಯವಿತ್ತ ಚಾವುಂಡರಾಯನನ್ನೂ, ತನ್ನಿಂದ 993ರಲ್ಲಿ ‘ಅಜಿತಪುರಾಣ’ವನ್ನು ಬರೆಯಿಸಿದ ಅತ್ತಿಮಬ್ಬೆಯನ್ನೂ ಕವಿ ಹೀಗೆ ಪ್ರತಿನಿತ್ಯ ತನ್ನ ಮನೆಯಂಗಳದಲ್ಲಿ ಕೂಗಿ ಕರೆಯುವಂತೆ ಮಾಡಿಕೊಂಡ. ಕೃತಜ್ಞತೆಗೆ ಇದಕ್ಕಿಂತ ಮಿಗಿಲಾದ ಶಾಸನವುಂಟೆ?

ದೇವರು ಮತ್ತು ಊರು

ಮನೆದೇವರ ಹಕ್ಕೂ ಸಣ್ಣದಲ್ಲ. ನಾಡಿನ ನಕ್ಷೆಯಿಲ್ಲದೆಯೇ, ಹೆಸರುಗಳನ್ನಷ್ಟೇ ಕೇಳಿ ಯಾತ್ರೆ ಮಾಡಿಬರಬಹುದು. ನಂಜುಂಡಪ್ಪ, ನಂಜಮ್ಮ ಎಂದರೆ ನಂಜನಗೂಡಿನ ನೆನಪು, ಚೆಲುವಮ್ಮನೆಂದರೆ ಮೇಲುಕೋಟೆ, ಮಾದಪ್ಪ, ಮಾದೇಶರೆಂದರೆ ಏಳು ಮಲೆಯ ಮಾದೇಶ್ವರ, ಮಂಜುನಾಥನೆಂದರೆ ಧರ್ಮಸ್ಥಳ, ಯಲ್ಲಪ್ಪ, ಯಲ್ಲಮ್ಮರೆಂದರೆ ಸವದತ್ತಿ, ಗವಿಸಿದ್ದಪ್ಪನೆಂದರೆ ಕೊಪ್ಪಳ, ಶರಣಬಸಪ್ಪನೆಂದರೆ ಕಲಬುರಗಿ. ಹರಕೆ ಹೊತ್ತು ಪಡೆದ ಮಗುವಿಗೆ ಆ ದೇವರ ಹೆಸರನ್ನಿಡುವುದು ಸಾಲ ತೀರಿಸಿದಂತೆ. ಕೂಸು ಉಳಿಯದ ಮನೆಗಳಲ್ಲಿ ಇನ್ನೊಂದು ಉಪಾಯವಿತ್ತು. ಯಮನ ಕಣ್ಣು ಬೀಳದಿರಲೆಂದು ತಿಪ್ಪಯ್ಯ, ಗುಂಡ, ಕಲ್ಲಪ್ಪ, ಹುಚ್ಚಪ್ಪ ಎಂದು ಕರೆಯುತ್ತಿದ್ದರು. ಹೆಸರು ಕೀಳಾಗಿದ್ದರೂ ಹಿಂದಿದ್ದದ್ದು ಪ್ರಾಣ ಒತ್ತೆಯಿಟ್ಟ ಪ್ರೀತಿ.

ಅಜ್ಜನ ಹೆಸರು, ಸೊಸೆಯ ನಾಲಿಗೆ

ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು ಎಂಬ ರೂಢಿ ನಮ್ಮ ನಾಡಿನ ಅನೇಕ ಕಡೆಗಳಲ್ಲಿ ಬಲವಾಗಿ ಇತ್ತು, ಇಂದಿಗೂ ಅಳಿದಿಲ್ಲ. ಅಜ್ಜ ತೀರಿಕೊಂಡಿದ್ದರಂತೂ ಅವರೇ ಮರಳಿ ಬಂದರೆಂದು ಮನೆಯವರು ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಇಲ್ಲೊಂದು ತೊಡಕು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಗಂಡನ ಹೆಸರನ್ನು ಹೇಳಬೇಕಾದಾಗ ಒಡಪು ಕಟ್ಟಿ ಹೇಳುತ್ತಿದ್ದ ಕಾಲ ಅದು. ಹೆತ್ತ ಮಗನಿಗೆ ಮಾವನ ಹೆಸರನ್ನಿಟ್ಟ ಮೇಲೆ ತಾಯಿ ಮಗನನ್ನು ಕರೆಯುವುದು ಹೇಗೆ? ಪುಟ್ಟ, ಮರಿ, ಚಿನ್ನ, ಪಾಪಣ್ಣ! ನಮ್ಮಲ್ಲಿ ಎಷ್ಟೋ ಮಂದಿ ಅಜ್ಜಂದಿರು ಎಂಬತ್ತರ ವಯಸ್ಸಿನಲ್ಲಿಯೂ ‘ಪುಟ್ಟಣ್ಣ’ರಾಗಿ ಉಳಿದಿರುವುದರ ಹಿಂದೆ ಇಂಥ ಒಬ್ಬ ಸೊಸೆಯ ಸಂಕೋಚವಿದ್ದರೂ ಇರಬಹುದು. ತಾನು ಹೆತ್ತ ಮಗುವಿನ ಹೆಸರನ್ನು ತಾನೇ ಉಚ್ಚರಿಸಲಾರದ ತಾಯಂದಿರು ಬಾಳಿದ ನಾಡು ಇದು ಎಂಬುದನ್ನು, ಹೆಸರಿನ ಪಟ್ಟಿ ಹಿಡಿದು ಕುಳಿತ ಇಂದಿನ ತಂದೆಯರು ಒಮ್ಮೆ ನೆನೆಯುವುದು ಒಳ್ಳೆಯದು.

ಹಿರಿಯರ ಹೆಸರನ್ನು ಉಳಿಸುವ ಆಸೆ ಗೌರವಕ್ಕೆ ಪಾತ್ರವಾದುದೇ. ಆದರೆ ಹಿರಿಯರು ಆ ಹೆಸರಿನೊಡನೆ ಹೇಗೆ ಬಾಳಿದರೆಂದು ನಮಗೆ ಗೊತ್ತೆ? ನಮ್ಮ ಬೀದಿಯ ಒಂದು ಮನೆಯಲ್ಲಿ ನಡೆದ ಮಾತು ನನ್ನ ಮನಸ್ಸಿನಲ್ಲಿ ನಿಂತುಹೋಗಿದೆ. ಸೊಸೆಗೆ ಏಳು ತಿಂಗಳು. ಹೆಣ್ಣಾದರೆ ತನ್ನ ಅಜ್ಜಿಯ ಹೆಸರನ್ನೇ ಸ್ವಲ್ಪ ತಿದ್ದಿ ಇಡುವೆನೆಂದು ಮೊಮ್ಮಗ ಪ್ರೀತಿಯಿಂದ ಹೇಳಿದ. ಆ ಅಜ್ಜಿಯ ಹೆಸರು ‘ಸಾಕು’ ಎಂಬ ಮಾತಿನಿಂದ ಹುಟ್ಟಿದ್ದು. ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅವರು ತಲೆಯೆತ್ತದೆ ಹೇಳಿದರು: “ನಾನು ಐದನೇ ಹೆಣ್ಣು ಕಣೋ ಮಗಾ. ಇನ್ನು ಸಾಕಪ್ಪಾ ದೇವರೇ ಅಂತ ಇಟ್ಟ ಹೆಸರು ಇದು. ಇಷ್ಟು ವರ್ಷ ಯಾರು ಕೂಗಿದರೂ ನನಗೆ ಅದೇ ಕೇಳಿಸ್ತಾ ಬಂತು. ಕೂಸಿಗೆ ಬೇಡ. ಬೇಕು ಅಂತ ಅನ್ನಿಸೋ ಹೆಸರು ಇಡಿ.” ಮನೆಯವರಾರಿಗೂ ಆವರೆಗೆ ಈ ಸಂಗತಿ ಹೊಳೆದಿರಲಿಲ್ಲ. ಹುಟ್ಟಿದ್ದು ಹೆಣ್ಣೇ. ಹೆಸರನ್ನು ಅಜ್ಜಿಯೇ ಆರಿಸಿದರು.

ಇದು ಒಂದು ಮನೆಯ ಕಥೆ ಮಾತ್ರವಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ‘ಬೇಡದವಳು’ ಎಂದೇ ಅರ್ಥ ಬರುವ ‘ನಕೂಸಾ’ ಎಂಬ ಹೆಸರನ್ನು ಹೆಣ್ಣುಮಕ್ಕಳಿಗೆ ಇಡುತ್ತಿದ್ದರು. ಅಂಥ ಹೆಸರು ಹೊತ್ತ 285 ಹುಡುಗಿಯರಿಗೆ 2011ರ ಅಕ್ಟೋಬರಿನಲ್ಲಿ ಸಾತಾರಾದಲ್ಲಿ ಒಂದು ಸಮಾರಂಭ ನಡೆಸಿ ಹೊಸ ಹೆಸರಿನ ಪ್ರಮಾಣಪತ್ರಗಳನ್ನು ಕೊಡಲಾಯಿತು. ಹೆಸರು ಬರಿಯ ಸದ್ದೆನ್ನುವವರು ಆ ಹುಡುಗಿಯರನ್ನು ಕೇಳಬೇಕು.

ಹೊಸ ಹೆಸರು, ಕರೆಯುವ ಬಾಯಿ

ಈಗ ಫ್ಯಾಷನ್ನಿನ ವಿಚಾರ. ಹೊಸ ಹೆಸರುಗಳೆಂದರೆ ಹುಬ್ಬು ಗಂಟಿಕ್ಕುವ ಅವಶ್ಯಕತೆಯಿಲ್ಲ. 1904ರಲ್ಲಿ ಹುಟ್ಟಿದ ಕುಪ್ಪಳಿ ವೆಂಕಟಪ್ಪನವರ ಮಗ ಪುಟ್ಟಪ್ಪನವರು, ಎಂದರೆ ನಮ್ಮ ಕುವೆಂಪು, 1938ರಲ್ಲಿ ಹುಟ್ಟಿದ ತಮ್ಮ ಮಗನಿಗೆ ಇಟ್ಟ ಹೆಸರು ಪೂರ್ಣಚಂದ್ರ ತೇಜಸ್ವಿ. ಅನಂತರದ ಮಕ್ಕಳು ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ವೆಂಕಟಪ್ಪ, ಪುಟ್ಟಪ್ಪ, ಪೂರ್ಣಚಂದ್ರ ತೇಜಸ್ವಿ: ಮೂರು ತಲೆಮಾರಿನಲ್ಲಿ ಒಂದು ಯುಗವೇ ಉರುಳಿದೆ. ಆದರೆ ಇವು ಒಬ್ಬ ಕವಿಯು ತನ್ನ ಕಣ್ಣಿನಿಂದ ಕಂಡು, ಕಿವಿಯಿಂದ ಕೇಳಿ ಕೊಟ್ಟ ಹೆಸರುಗಳು. ಇಲ್ಲಿ ಬೆಳಕೂ ಕೋಗಿಲೆಯೂ ನಿಜವಾಗಿ ಇವೆ. ಇಂದಿನ ಕಷ್ಟ ಬೇರೆ. ಮೊಬೈಲಿನ ಪಟ್ಟಿಯೊಂದರಲ್ಲಿ ಕಂಡ ಹೆಸರು, ಅದರ ಪಕ್ಕದಲ್ಲಿ ಯಾರೋ ಬರೆದ ಅರ್ಥ. ಆ ಅರ್ಥವನ್ನು ಕಿಟ್ಟೆಲ್ಲರ ನಿಘಂಟಿನಲ್ಲಾಗಲಿ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಲ್ಲಾಗಲಿ ಹುಡುಕಿದರೆ ಎಷ್ಟೋ ಬಾರಿ ಸಿಕ್ಕುವುದೇ ಇಲ್ಲ. ‘ಯಾರೂ ಇಡದ ಹೆಸರು’ ಎಂದು ಎಲ್ಲರೂ ಅದೇ ಪಟ್ಟಿಯನ್ನು ನೋಡುವುದರಿಂದ, ನನ್ನ ಹಾಜರಿ ಪುಸ್ತಕದ ಮೊದಲ ಪುಟಗಳು ‘ಅ’ಕಾರ ‘ಆ’ಕಾರಗಳಿಂದಲೇ ತುಂಬಿಹೋಗುತ್ತವೆ.

ಹೆಸರು ಮುಖ್ಯವಾಗಿ ಕರೆಯುವುದಕ್ಕೆ ಇರುವುದು. ಕನ್ನಡದಲ್ಲಿ ಕರೆಯುವಾಗ ಕೊನೆಯ ಸ್ವರ ಬೆಳೆಯುತ್ತದೆ: ರಾಮಾ, ಹರೀ, ಗುರೂ, ಸೀತೇ. ಹಿತ್ತಿಲಿನಿಂದ ಬೀದಿಯ ತುದಿಯವರೆಗೆ ಮುಟ್ಟುವುದು ಆ ಬೆಳೆದ ಸ್ವರವೇ. ವ್ಯಂಜನದಲ್ಲಿ ತಟ್ಟನೆ ನಿಲ್ಲುವ ಶಬ್ದ ನಮ್ಮ ಮಾತಿನ ಜಾಯಮಾನಕ್ಕೆ ಒಗ್ಗದು. ಬಸ್ಸಿಗೆ, ಕಾರಿಗೆ, ಪೆನ್ನಿಗೆ ನಾವು ಒಂದು ಉಕಾರ ಸೇರಿಸಿಕೊಂಡೇ ಮನೆಯೊಳಗೆ ಬಿಟ್ಟುಕೊಂಡೆವು. ಆರವ್, ವಿಹಾನ್, ಆರ್ಯನ್ ಎಂದು ಕೊನೆ ಕತ್ತರಿಸಿದ ಹೆಸರುಗಳನ್ನು ಅಜ್ಜಿ ಕರೆಯುವಾಗ ತಾವಾಗಿ ಒಂದು ಬಾಲ ಸೇರಿಸುವುದು ಅಜ್ಞಾನದಿಂದಲ್ಲ; ಅದು ಭಾಷೆಯ ಸ್ವಭಾವ. ಶ್ರೀನಿವಾಸನನ್ನು ಸೀನನನ್ನಾಗಿ, ಕೃಷ್ಣನನ್ನು ಕಿಟ್ಟಿಯನ್ನಾಗಿ, ಸುಬ್ರಹ್ಮಣ್ಯನನ್ನು ಸುಬ್ಬುವನ್ನಾಗಿ ಮಾಡಿದ ಆ ನಾಲಿಗೆಯೇ ಸಾವಿರ ವರ್ಷಗಳ ಹಿಂದೆ ರತ್ನವನ್ನು ರನ್ನ ಮಾಡಿದ್ದು. ಸಿರಿ, ನೇಸರ, ಇಂಚರ ಎಂದು ಕನ್ನಡದ ಹೆಸರುಗಳನ್ನಿಡುವ ತರುಣ ದಂಪತಿಗಳು ಈಗ ಅಲ್ಲಲ್ಲಿ ಕಾಣಿಸುತ್ತಿದ್ದಾರೆ. ಚಿಕ್ಕ ಹೆಸರು ಬೇಕು, ಹೊಸದು ಬೇಕು, ಅರ್ಥವೂ ಬೇಕು ಎನ್ನುವವರಿಗೆ ಮನೆಯ ಮಾತಿಗಿಂತ ಹತ್ತಿರದ ಭಂಡಾರ ಯಾವುದು?

ಕಚೇರಿಯ ಹಕ್ಕು

ಕೊನೆಯ ಹಕ್ಕುದಾರ ಸರ್ಕಾರ. 1969ರ ಜನನ ಮರಣ ನೋಂದಣಿ ಕಾಯಿದೆಯ ವ್ಯವಸ್ಥೆಯಂತೆ ಮಗು ಹುಟ್ಟಿದ 21 ದಿನಗಳೊಳಗೆ ಜನನವನ್ನು ತಿಳಿಸಬೇಕು. ಆದರೆ ಆ ಹೊತ್ತಿಗೆ ಹೆಸರೂ ಸಿದ್ಧವಾಗಿರಬೇಕೆಂದಿಲ್ಲ. ಹೆಸರಿಲ್ಲದೆ ನೋಂದಾಯಿಸಿ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. ಆಮೇಲೆಯೂ ತಡಶುಲ್ಕ ಕೊಟ್ಟು 15 ವರ್ಷಗಳವರೆಗೆ ಅವಕಾಶವುಂಟು. ಆಸ್ಪತ್ರೆಯ ಮೇಜಿನ ಮುಂದೆ ಗಡಿಬಿಡಿಯಿಂದ ಯಾವುದೋ ಹೆಸರನ್ನು ಬರೆಸಿ ಆಮೇಲೆ ಪರಿತಪಿಸುವುದು ಬೇಕಿಲ್ಲ. ಕಾಗುಣಿತದ ಎಚ್ಚರ ಮಾತ್ರ ಬೇಕೇಬೇಕು. 2023ರ ತಿದ್ದುಪಡಿಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರ ಮಟ್ಟಿಗೆ ಶಾಲೆಯ ಪ್ರವೇಶದಿಂದ ಪಾಸ್‌ಪೋರ್ಟಿನವರೆಗೆ ಹುಟ್ಟಿದ ದಿನಕ್ಕೂ ಸ್ಥಳಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಅಲ್ಲಿ ತಪ್ಪಿದ ಒಂದು ಇಂಗ್ಲಿಷ್ ಅಕ್ಷರ ಅಂಕಪಟ್ಟಿಯವರೆಗೂ ಹಿಂಬಾಲಿಸಿ ಕಾಡುತ್ತದೆ.

ಹೆಸರಿನ ಹಿಂದುಮುಂದಿನ ಭಾಗಗಳೂ ನಮ್ಮಲ್ಲಿ ಪ್ರಾಂತಕ್ಕೊಂದು ಬಗೆ. ಹಳೆಯ ಮೈಸೂರಿನವರು ಊರು, ತಂದೆ ಎಂದು ಎರಡು ಅಕ್ಷರಗಳನ್ನು ಮುಂದೆ ಹಾಕಿಕೊಳ್ಳುತ್ತಾರೆ. ಉತ್ತರ ಕರ್ನಾಟಕದವರು ಮೊದಲು ತಮ್ಮ ಹೆಸರು, ಆಮೇಲೆ ತಂದೆಯದು, ಕೊನೆಯಲ್ಲಿ ಅಡ್ಡಹೆಸರು ಬರೆಯುತ್ತಾರೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಂತೆ. ಕೊಡವರಲ್ಲಿ ಮನೆತನದ ಹೆಸರೇ ಮೊದಲು. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂಬಂತೆ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಮಾತ್ರ ‘ಉಪನಾಮ’ವೆಂಬ ಒಂದೇ ಕಲಂ ಎದುರಾಗುತ್ತದೆ. ಆ ಕಲಮಿಗೆ ಊರನ್ನು ತುಂಬಿದವರು ಪರದೇಶದಲ್ಲಿ ತಮ್ಮ ಊರಿನ ಹೆಸರಿನಿಂದಲೇ ಕರೆಸಿಕೊಳ್ಳುತ್ತಾರೆ. ತಂದೆಯ ಹೆಸರನ್ನು ತುಂಬಿದವರನ್ನು ಕರೆದರೆ ಊರಲ್ಲಿರುವ ತಂದೆ ಓಗೊಡಬೇಕು! ಆದ್ದರಿಂದ ಪೂರ್ಣ ಹೆಸರಿನ ರೂಪವನ್ನು ಮೊದಲೇ ಗೊತ್ತುಮಾಡಿ ಎಲ್ಲೆಡೆಯೂ ಒಂದೇ ರೀತಿ ಬರೆಸುವುದು ಮೇಲು. ಅಲ್ಲಿ ತಂದೆಯ ಹೆಸರಿಗೆ ಮಾತ್ರವೇ ಸ್ಥಳವೆಂಬುದೂ ಬ್ರಹ್ಮಲಿಪಿಯಲ್ಲ. ಗೌತಮೀಪುತ್ರ ಶಾತಕರ್ಣಿ ತಾಯಿಯ ಹೆಸರನ್ನು ಹೊತ್ತೇ ರಾಜ್ಯವಾಳಿದ. ಬೇಂದ್ರೆಯವರು ಅಂಬಿಕೆಯ ಮಗ ದತ್ತ, ‘ಅಂಬಿಕಾತನಯದತ್ತ’ ಎಂದೇ ಕಾವ್ಯಕ್ಕೆ ಅಂಕಿತವಿಟ್ಟರು.

ಬಾಯಿಲ್ಲದ ಹಕ್ಕುದಾರ

ಈ ಎಲ್ಲರ ನಡುವೆ ಮಾತನಾಡಲಾರದ ಹಕ್ಕುದಾರನೊಬ್ಬನಿದ್ದಾನೆ. ಅದು ಹುಟ್ಟಲಿರುವ ಮಗು. ಶಾಸ್ತ್ರ, ನಕ್ಷತ್ರ, ದೇವರು, ಅಜ್ಜ ಇವರೆಲ್ಲರ ನೆನಪನ್ನೂ ಹೆಸರು ಹೊರಬಹುದು. ಆದರೆ ಹೊರುವ ಹೆಗಲು ಮಗುವಿನದು. ಆದುದರಿಂದ ಪಟ್ಟಿಯನ್ನು ಅಂತಿಮಗೊಳಿಸುವ ಮೊದಲು ದಂಪತಿಗಳು ತಮ್ಮಲ್ಲೇ ನಡೆಸಬಹುದಾದ ಕೆಲವು ಪರೀಕ್ಷೆಗಳನ್ನು ಸೂಚಿಸುತ್ತೇನೆ.

ಮೊದಲನೆಯದಾಗಿ, ಆ ಹೆಸರನ್ನು ಗಟ್ಟಿಯಾಗಿ ಕೂಗಿ ನೋಡಿ. ಪ್ರೀತಿಯಿಂದ ಒಮ್ಮೆ, ಗದರಿಕೆಯಿಂದ ಒಮ್ಮೆ. ಎರಡನೆಯದಾಗಿ, ಕನ್ನಡದಲ್ಲಿ ಬರೆದು, ಅದನ್ನು ಮೊದಲು ಕಂಡಿರದ ಒಬ್ಬರಿಂದ ಓದಿಸಿ. ಅವರು ತಡವರಿಸಿದರೆ ಮಗು ಜೀವಮಾನವೆಲ್ಲ ತಿದ್ದಿ ಹೇಳಬೇಕಾದೀತು. ಮೂರನೆಯದಾಗಿ, ಅರ್ಥವನ್ನು ನಿಘಂಟಿನಲ್ಲಿಯೇ ನೋಡಿ. ನಾಲ್ಕನೆಯದಾಗಿ, ಆ ಹೆಸರನ್ನು ತೊಟ್ಟಿಲ ಕೂಸಿಗೆ ಮಾತ್ರವಲ್ಲದೆ ಅರವತ್ತು ವರ್ಷದ ಒಬ್ಬ ವೈದ್ಯೆಗೆ, ಒಬ್ಬ ನ್ಯಾಯಾಧೀಶನಿಗೆ, ಒಬ್ಬ ಅಜ್ಜಿಗೆ ತೊಡಿಸಿ ನೋಡಿ. ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು: ಒಂಬತ್ತು ತಿಂಗಳು ಹೊತ್ತವಳನ್ನು ಕೇಳಿ. ಅವಳ ನಾಲಿಗೆಯ ತುದಿಯಲ್ಲಿರುವ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಪಟ್ಟಿ ಅಪೂರ್ಣ. ಅಜ್ಜನ ಹೆಸರು ಉಳಿಯಬೇಕೆಂಬ ಹಂಬಲವಿದ್ದರೆ ಎರಡನೆಯ ಹೆಸರಾಗಿಯೋ, ಅರ್ಥದ ಮೂಲಕವೋ ಉಳಿಸಬಹುದು; ಹೊನ್ನಪ್ಪನ ಮೊಮ್ಮಗಳು ಸುವರ್ಣೆಯಾದರೆ ಚಿನ್ನವೇನೂ ಕಳೆದುಹೋಗುವುದಿಲ್ಲ.

ನಾಮಕರಣದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಹೆಸರು ಬರೆಯುತ್ತಾರೆ. ಸೋದರತ್ತೆಯೋ ತಂದೆಯೋ ಕೂಸಿನ ಕಿವಿಯಲ್ಲಿ ಅದನ್ನು ಉಸುರುತ್ತಾರೆ. ನಾಲ್ಕೂವರೆ ತಿಂಗಳ ಕೂಸು ತನ್ನ ಹೆಸರಿನ ಸದ್ದನ್ನು ಬೇರೆ ಹೆಸರುಗಳಿಂದ ಬೇರ್ಪಡಿಸಿ ಗುರುತಿಸುತ್ತದೆಂದು 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆ ವಯಸ್ಸಿನಲ್ಲಿ ಅದಕ್ಕೆ ಹೆಸರಿನ ಅರ್ಥ ತಿಳಿಯದು, ನಕ್ಷತ್ರ ತಿಳಿಯದು, ಮುತ್ತಜ್ಜ ಯಾರೆಂದು ತಿಳಿಯದು. ಆ ಸದ್ದು ಕೇಳಿಸಿದಾಗಲೆಲ್ಲ ಪರಿಚಿತವಾದ ಒಂದು ಮುಖ ತನ್ನತ್ತ ಬಾಗುತ್ತದೆ ಎಂಬುದಷ್ಟೇ ಅದಕ್ಕೆ ಗೊತ್ತು. ಹೆಸರನ್ನು ಆರಿಸುವಾಗ ಅಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ಉಳಿದುದೆಲ್ಲ ತಾನಾಗಿ ಹೊಂದಿಬರುತ್ತದೆ.